ಸದ್ದು ಬೇಕಾದಷ್ಟಿದೆ, ಮಾತೇ ಕೇಳಿಸುತ್ತಿಲ್ಲ

ಮಂಡ್ಯದ ದೊಡ್ಡಪ್ಪನ ಮನೆಗೆ ಹೋಮ್ ಥಿಯೇಟರ್ ಬಂದು ಒಂದು ತಿಂಗಳಾಗಿತ್ತು. ಒಂದು ಭಾನುವಾರ ಮೈಸೂರಿನಿಂದ ಹೋಗಿದ್ದೆ. ಊಟ ಮುಗಿಸಿ ಎಲ್ಲರೂ ಹಾಲ್‌ನಲ್ಲಿ ಕೂತು ಸಿನಿಮಾ ಹಾಕಿದೆವು. ರಿಮೋಟ್ ದೊಡ್ಡಪ್ಪನ ಕೈಯಲ್ಲಿತ್ತು. ತೆರೆಯ ಮೇಲೆ ಇಬ್ಬರು ಮೆಲ್ಲಗೆ ಮಾತಾಡಲು ಶುರು ಮಾಡಿದರೆ ವಾಲ್ಯೂಮ್ ಏರಿಸುತ್ತಿದ್ದರು. ಹೊಡೆದಾಟ ಬಂತು ಅಂದರೆ ಗಾಬರಿಯಿಂದ ಇಳಿಸುತ್ತಿದ್ದರು. ಅರ್ಧ ಗಂಟೆ ಹೀಗೇ ಏರಿಸಿ ಇಳಿಸಿ, ಕೊನೆಗೆ ರಿಮೋಟನ್ನು ದಿವಾನದ ಮೇಲಿಟ್ಟು, "ಮಾತೇ ಕೇಳ್ಸಾಕಿಲ್ಲ ಕಣಪ್ಪ, ಬರೀ ದಡದಡ ಅಂತದೆ. ನೀವೇ ನೋಡ್ಕಳಿ" ಅಂತ ಎದ್ದು ಹೊರಗೆ ಜಗಲಿಗೆ ಹೋದರು.

ನನಗೆ ತುಂಬ ಸಂಕಟವಾಯಿತು. ಸಿನಿಮಾ ಅಂದರೆ ಜೀವ ಬಿಡುವ ಮನುಷ್ಯ ಅವರು. ವಯಸ್ಸಿನಲ್ಲಿ ಸಂಜಯ ಟಾಕೀಸಿನಲ್ಲಿ ನೋಡಿದ ಸಿನಿಮಾಗಳ ಮಾತುಗಳನ್ನು ಇವತ್ತಿಗೂ ಒಂದಕ್ಷರ ಬಿಡದೆ ಹೇಳುತ್ತಾರೆ. ಅಂಥವರು ತಮ್ಮ ಮನೆಯ ಹಾಲ್‌ನಿಂದಲೇ ಎದ್ದು ಹೋಗಬೇಕಾಯಿತು. ಅವತ್ತು ಸಂಜೆಯವರೆಗೂ ಕೂತು ಅದನ್ನು ಸರಿ ಮಾಡಿದೆ. ಬೇಕಾಗಿದ್ದು ಒಂದು ಅಳತೆ ಟೇಪು, ಒಂದು ಮೊಬೈಲು, ಒಂದು ಹಳೇ ಹವಾಯಿ ಚಪ್ಪಲಿ, ಎರಡು ಗಂಟೆ ಹೊತ್ತು. ಇದೇ ತೊಂದರೆ ಇರುವ ಮನೆಗಳನ್ನು ಮೈಸೂರಿನಲ್ಲೂ ಸಾಕಷ್ಟು ನೋಡಿದ್ದೇನೆ. ಹಾಗಾಗಿ ಏನು ಮಾಡಬೇಕು, ಯಾಕೆ ಮಾಡಬೇಕು ಅನ್ನುವುದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ತಿಳಿಯಬೇಕಾದದ್ದು ಇಷ್ಟು. ಈಗಿನ ಸಿನಿಮಾದ ಸದ್ದು ಒಂದೇ ಮುದ್ದೆಯಾಗಿ ಬರುವುದಿಲ್ಲ. 5.1 ಅಂದರೆ ಆರು ಬೇರೆ ಬೇರೆ ದಾರಿ. ಮುಂದೆ ಎಡ, ಬಲ, ನಡುವೆ ಸೆಂಟರ್. ಕೂತವರ ಅಕ್ಕಪಕ್ಕ ಅಥವಾ ಸ್ವಲ್ಪ ಹಿಂದೆ ಎರಡು ಸರೌಂಡ್. ಆ '.1' ಅನ್ನುವುದು ಸಬ್‌ವೂಫರ್‌ಗೆ ಹೋಗುವ ತಗ್ಗಿನ ಸದ್ದು, ಗುಡುಗು, ಸ್ಫೋಟ, ಇಂಥವು. ಪಾತ್ರಗಳ ಮಾತನ್ನು ಬಹುಪಾಲು ಸೆಂಟರ್ ಸ್ಪೀಕರ್‌ಗೇ ಹಾಕಿರುತ್ತಾರೆ. ಟಾಕೀಸಿನ ಯಾವ ಮೂಲೆಯಲ್ಲಿ ಕೂತರೂ ಮಾತು ತೆರೆಯಿಂದಲೇ ಬಂದಂತೆ ಅನ್ನಿಸಲಿ ಅಂತ ಹಾಗೆ ಮಾಡುವುದು. ಹಾಡು, ಹಿನ್ನೆಲೆ ಸಂಗೀತ, ಮಳೆ, ಗಾಡಿ, ಜನರ ಗಲಾಟೆ ಇವೆಲ್ಲ ಉಳಿದ ಸ್ಪೀಕರ್‌ಗಳಿಗೆ ಹಂಚಿಕೆಯಾಗಿರುತ್ತವೆ.

ಅಂದರೆ ಐದಾರು ಸ್ಪೀಕರ್‌ಗಳಲ್ಲಿ ಮಾತಿನ ಹೊಣೆ ಹೆಚ್ಚುಕಡಿಮೆ ಒಂದರದ್ದೇ. ಅದೊಂದು ಮಂಕಾದರೆ ಇಡೀ ಸಿನಿಮಾ ಮಂಕು. ಆಗ ವಾಲ್ಯೂಮ್ ಏರಿಸಿದರೆ ಆಗುವುದೇನು? ಆರೂ ದಾರಿಯ ಸದ್ದು ಒಟ್ಟಿಗೆ ಏರುತ್ತದೆ. ಮಾತು ಮುಂಚೆ ಎಷ್ಟು ಕೆಳಗಿತ್ತೋ ಈಗಲೂ ಅಷ್ಟೇ ಕೆಳಗೆ.

ಮೈಸೂರಿನ ಎಂಟನೇ ಕ್ರಾಸ್ ಗಣೇಶೋತ್ಸವದ ಕಚೇರಿಗೆ ಹೋದವರು ಇದನ್ನು ಕಣ್ಣಾರೆ ನೋಡಿರುತ್ತೀರಿ. ಕಚೇರಿ ಶುರುವಾದ ಹೊಸದರಲ್ಲಿ ಹಾಡುವವರು ಹಾಡುತ್ತಲೇ ಮೈಕಿನವರ ಕಡೆ ನೋಡಿ, ಪಿಟೀಲಿನ ಕಡೆ ಕೈ ತೋರಿಸಿ, ಬೆರಳು ಮೇಲೆತ್ತುತ್ತಾರೆ. ಆತ ಇಡೀ ಪೆಂಡಾಲಿನ ಸದ್ದು ಏರಿಸುವುದಿಲ್ಲ. ಪಿಟೀಲಿನ ಮೈಕಿನ ಗುಂಡಿಯೊಂದನ್ನೇ ಚೂರು ಏರಿಸುತ್ತಾನೆ. ಮನೆಯಲ್ಲಿ ಎಲ್ಲ ಸ್ಪೀಕರ್‌ಗಳಿಗೂ ಸದ್ದು ಹಂಚುವ ಪೆಟ್ಟಿಗೆಗೆ ರಿಸೀವರ್ ಅನ್ನುತ್ತಾರೆ. ಅದರ ಸೆಟಪ್ ಮೆನುವಿನಲ್ಲಿ 'ಸ್ಪೀಕರ್ ಲೆವೆಲ್' ಅಂತ ಇರುವುದು ಅದೇ ಗುಂಡಿ. ಪ್ರತಿ ಸ್ಪೀಕರ್‌ಗೂ ಒಂದೊಂದು. ಎಷ್ಟೋ ಮನೆಗಳಲ್ಲಿ ಆ ಮೆನುವನ್ನು ತೆರೆದೇ ಇರುವುದಿಲ್ಲ.

ಅಲ್ಲಿ ಅಂಕಿಗಳು ಡೆಸಿಬೆಲ್‌ನಲ್ಲಿರುತ್ತವೆ. ಸದ್ದಿನ ಜೋರಿನ ಅಳತೆ ಅದು, ಚಿಕ್ಕದಾಗಿ ಡಿಬಿ. ಈ ಡೆಸಿಬೆಲ್ ಲೆಕ್ಕ ಒಂದು, ಎರಡು, ಮೂರು ಅಂತ ಹೋಗುವುದಿಲ್ಲ, ಮಡಿಯಲ್ಲಿ ಹೋಗುತ್ತದೆ. 1 ಡಿಬಿ ವ್ಯತ್ಯಾಸ ಕಿವಿಗೆ ಗೊತ್ತಾಗುವುದೇ ಕಷ್ಟ. 3 ಡಿಬಿ ಏರಿಸಿದರೆ ಆಂಪ್ಲಿಫೈಯರ್ ಎರಡರಷ್ಟು ವಾಟ್ ಕೊಡಬೇಕು, ಆದರೆ ನಮಗೆ 'ಸ್ವಲ್ಪ ಜಾಸ್ತಿಯಾಯ್ತು' ಅನ್ನಿಸುತ್ತದೆ ಅಷ್ಟೆ. 10 ಡಿಬಿ ಏರಿದಾಗ ಸದ್ದು ಎರಡರಷ್ಟಾಯಿತು ಅನ್ನಿಸುತ್ತದೆ. ಸೆಂಟರ್ ಸ್ಪೀಕರ್ ಉಳಿದವಕ್ಕಿಂತ 6–7 ಡಿಬಿ ಕೆಳಗಿದ್ದರೆ ಅದು ಸಣ್ಣ ಕೊರತೆಯಲ್ಲ ಅನ್ನುವುದು ಇದರಿಂದ ತಿಳಿಯುತ್ತದೆ.

ಇನ್ನೊಂದು ಮಾತು. ಟಾಕೀಸಿಗೆ ಅಂತ ಸದ್ದು ಹೊಂದಿಸುವಾಗ, ತೆರೆಯ ಹಿಂದಿನ ಪ್ರತಿ ಸ್ಪೀಕರ್ ಪರೀಕ್ಷೆಯ ಸದ್ದಿಗೆ 85 ಡಿಬಿ ಕೊಡುವಂತೆ ಇಟ್ಟುಕೊಂಡಿರುತ್ತಾರೆ. ಜೋರಿನ ತುದಿ 105 ಡಿಬಿವರೆಗೂ ಹೋಗಬಹುದು. ಮನೆಯಲ್ಲಿ ಅಷ್ಟು ಜೋರಾಗಿ ಯಾರೂ ಹಾಕುವುದಿಲ್ಲ, ಹಾಕಲೂ ಬಾರದು. ಪಕ್ಕದ ಮನೆಯವರಿದ್ದಾರೆ, ಮಲಗಿದ ಮಗುವಿದೆ. 15–20 ಡಿಬಿ ಇಳಿಸಿಯೇ ನೋಡುತ್ತೇವೆ. ಹಾಗೆ ಇಳಿಸಿದಾಗ ಪಿಸುಮಾತು, ನಿಟ್ಟುಸಿರು, ಮಾತಿನ ಕೊನೆಯ ಅಕ್ಷರ ಇವೆಲ್ಲ ಫ್ಯಾನಿನ ಸದ್ದಿನ ಕೆಳಗೆ ಮುಳುಗಿಬಿಡುತ್ತವೆ.

ಇಲ್ಲಿ ಕನ್ನಡದ್ದೇ ಒಂದು ಉದಾಹರಣೆ ಕೊಡುತ್ತೇನೆ. ಕಾಲು, ಪಾಲು, ಸಾಲು, ಹಾಲು. ನಾಲ್ಕರಲ್ಲೂ 'ಆಲು' ಒಂದೇ, ಬೇರೆಯಾಗುವುದು ಮೊದಲ ವ್ಯಂಜನ ಮಾತ್ರ. ಮಾತಿನ ಜೋರು ಇರುವುದು ಸ್ವರಗಳಲ್ಲಿ, ಅರ್ಥ ನಿಂತಿರುವುದು ಹೆಚ್ಚಾಗಿ ವ್ಯಂಜನಗಳ ಮೇಲೆ. ಸದ್ದು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಅನ್ನುವ ಲೆಕ್ಕ ಹರ್ಟ್ಸ್; ಅಂಕಿ ಚಿಕ್ಕದಾದರೆ ತಗ್ಗಿನ ಸದ್ದು, ದೊಡ್ಡದಾದರೆ ಮೇಲಿನ ಸದ್ದು. ಗಂಡಸಿನ ದನಿಯ ಬುನಾದಿ ಸುಮಾರು 100 ಹರ್ಟ್ಸ್ ಆಸುಪಾಸಿನಲ್ಲಿರುತ್ತದೆ, ಹೆಂಗಸಿನದ್ದು ಸುಮಾರು 200ರ ಹತ್ತಿರ. ಆದರೆ ಕ, ತ, ಟ, ಪ ಬೇರೆ ಬೇರೆಯಾಗಿ ತಿಳಿಯುವುದು ಸುಮಾರು 2000ದಿಂದ 4000 ಹರ್ಟ್ಸ್ ನಡುವೆ. ಸ, ಶ ಇನ್ನೂ ಮೇಲೆ. ಇವು ಮೊದಲೇ ಮೆತ್ತಗಿನ ಸದ್ದು. ಮಂಡ್ಯದ ಮಾತಿನಲ್ಲಂತೂ ಹಾಲು 'ಆಲು' ಆಗುತ್ತದೆ, ಹೋಗು 'ಓಗು' ಆಗುತ್ತದೆ. ಅಲ್ಲಿ ಉಳಿದ ವ್ಯಂಜನಗಳ ಮೇಲೆ ಇನ್ನೂ ಹೆಚ್ಚು ಭಾರ ಬೀಳುತ್ತದೆ. ಆ ಕಡೆಯ ಮಾತಿರುವ ಸಿನಿಮಾ ನೋಡುವಾಗ 'ಕಣ್ಲಾ', 'ಬುಡು', 'ವಸಿ' ಅನ್ನುವ ಸಣ್ಣ ಸಣ್ಣ ಪದಗಳು ಜಾರಿಹೋದರೆ ಮಾತಿನ ಸೊಗಸೇ ಹೋಯಿತು.

ಹಳೇ ಲ್ಯಾಂಡ್‌ಲೈನ್ ಫೋನು 300ರಿಂದ 3400 ಹರ್ಟ್ಸ್‌ವರೆಗಿನ ಸದ್ದನ್ನು ಮಾತ್ರ ದಾಟಿಸುತ್ತಿತ್ತು. ಅಷ್ಟರಲ್ಲೇ ನಾವು ಮದುವೆ ಮಾತುಕತೆಯನ್ನೂ ಮುಗಿಸಿದ್ದೇವೆ. 1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದರು. 'ಆಕಾಶವಾಣಿ' ಅನ್ನುವ ಹೆಸರು ಬಳಕೆಗೆ ಬಂದದ್ದು ಅಲ್ಲಿಂದ. ಆ ಕಾಲದ ರೇಡಿಯೋಗಳಲ್ಲಿ ಇದ್ದದ್ದು ಒಂದೇ ಸ್ಪೀಕರ್, ಬೇಸ್, ಅಂದರೆ ತಗ್ಗಿನ ಸದ್ದು, ಅಷ್ಟಕ್ಕಷ್ಟೆ. ಆದರೂ ವಾರ್ತೆ ಓದುವವರ ಪ್ರತಿ ಅಕ್ಷರ ಅಡುಗೆಮನೆಯವರೆಗೆ ಕೇಳಿಸುತ್ತಿತ್ತು. ಮಾತಿಗೆ ಅಡ್ಡ ಬರುವ ಬೇರೆ ಸದ್ದು ಇರಲಿಲ್ಲ, ಮಾತಿರುವ ನಡುವಿನ ಸದ್ದು ನೇರವಾಗಿ ಕಿವಿಗೆ ಬರುತ್ತಿತ್ತು. ಹೋಮ್ ಥಿಯೇಟರ್‌ನಲ್ಲಿ ಮಾತು ಚೆನ್ನಾಗಿ ಕೇಳಿಸಬೇಕಾದರೆ ಬೇಕಾಗಿರುವುದೂ ಈ ಎರಡೇ.

ಈಗ ದೊಡ್ಡಪ್ಪನ ಹಾಲ್‌ಗೆ ಬರೋಣ. ಸೆಂಟರ್ ಸ್ಪೀಕರ್ ಎಲ್ಲಿದೆ ಅಂತ ಹುಡುಕಿದರೆ ಟಿವಿ ಯೂನಿಟ್‌ನ ಕೆಳಗಿನ ಖಾನೆಯ ಒಳಗಡೆ ಇತ್ತು. ಗೋಡೆಗೆ ಒತ್ತಿ ಹಿಂದಕ್ಕೆ ತಳ್ಳಿದ್ದರು. ಅದರ ಮುಂದೆ ಸೆಟ್‌ಟಾಪ್ ಬಾಕ್ಸ್, ಮದುವೆ ಆಲ್ಬಮ್, ಒಂದು ಡಬ್ಬಿ ತುಂಬ ಹಳೇ ರಿಮೋಟುಗಳು. ಖಾನೆ ನೆಲದಿಂದ ಒಂದಡಿ ಎತ್ತರದಲ್ಲಿದ್ದುದರಿಂದ ಸ್ಪೀಕರ್ ನಮ್ಮ ಮೊಣಕಾಲಿಗೆ ಮುಖ ಮಾಡಿತ್ತು. ತಗ್ಗಿನ ಸದ್ದು ಎಲ್ಲ ಕಡೆ ಹರಡುತ್ತದೆ. ಮೇಲಿನ ಸದ್ದು ಬ್ಯಾಟರಿ ಬೆಳಕಿನ ಹಾಗೆ, ಎತ್ತ ತೋರಿಸುತ್ತೀರೋ ಅತ್ತ ಹೋಗುತ್ತದೆ. ಅಂದರೆ 'ಆಲು' ನಮ್ಮ ಕಿವಿಗೆ ಬರುತ್ತಿತ್ತು, ಕ, ಪ, ಸ ಮೊಣಕಾಲಿಗೆ ಹೋಗುತ್ತಿದ್ದವು. ಸಾಲದ್ದಕ್ಕೆ ಖಾನೆಯ ಒಳಗೋಡೆಗಳಿಗೆ ಬಡಿದು ಸದ್ದು ಕೊಡದೊಳಗೆ ಮಾತಾಡಿದ ಹಾಗೆ ಕೇಳುತ್ತಿತ್ತು.

ಸಾಮಾನೆಲ್ಲ ತೆಗೆದು, ಸ್ಪೀಕರನ್ನು ಖಾನೆಯ ಅಂಚಿಗೆ ಸಮವಾಗಿ ಮುಂದಕ್ಕೆ ಎಳೆದೆ. ಹವಾಯಿ ಚಪ್ಪಲಿಯ ಹಿಮ್ಮಡಿಯ ಕಡೆಯಿಂದ ಎರಡು ತುಂಡು ಕತ್ತರಿಸಿ ಮುಂಭಾಗದ ಕೆಳಗೆ ಕೊಟ್ಟೆ. ಮೂತಿ ಮೇಲಕ್ಕೆ ಎದ್ದು ದಿವಾನದ ಕಡೆ ನೋಡಿತು. ರಬ್ಬರ್ ಆದ್ದರಿಂದ ಮರ ನಡುಗುವುದೂ ನಿಂತಿತು. ಸರಿಯಾಗಿದೆಯಾ ಅಂತ ನೋಡಲು ಸುಲಭದ ದಾರಿ ಇದೆ. ಕೂರುವ ಜಾಗದಲ್ಲಿ ಕೂತು ನೋಡಿ. ಸ್ಪೀಕರ್‌ನಲ್ಲಿರುವ ಮೇಲಿನ ಸದ್ದು ಕೊಡುವ ಚಿಕ್ಕ ಗುಂಡನೆಯ ಟ್ವೀಟರ್ ಯಾವ ಅಡ್ಡಿಯೂ ಇಲ್ಲದೆ ನೇರ ಕಣ್ಣಿಗೆ ಕಾಣಬೇಕು. ಕಂಡರೆ ಕಿವಿಗೂ ಕೇಳುತ್ತದೆ. ನನ್ನ ಅನುಭವದಲ್ಲಿ ಅರ್ಧ ರೋಗ ಇಲ್ಲೇ ವಾಸಿಯಾಗುತ್ತದೆ. ಮೆನು ಮುಟ್ಟುವ ಮೊದಲು ಇದನ್ನು ಮಾಡಿ.

ಆಮೇಲೆ ಟೇಪು ಹಿಡಿದು ದೂರ ಅಳೆದೆ. ದಿವಾನದಿಂದ ಮುಂದಿನ ಸ್ಪೀಕರ್‌ಗಳು 12 ಅಡಿ ದೂರ. ಎಡಗಡೆಯ ಸರೌಂಡ್ ಮಾತ್ರ ದೊಡ್ಡಪ್ಪ ಕೂರುವ ಜಾಗದಿಂದ ಬರೀ 3 ಅಡಿ. ಬಯಲಿನಲ್ಲಿ ದೂರ ಎರಡರಷ್ಟಾದರೆ ಸದ್ದು 6 ಡಿಬಿ ಇಳಿಯುತ್ತದೆ. ಕೋಣೆಯೊಳಗೆ ಗೋಡೆಗಳು ಸದ್ದನ್ನು ವಾಪಸ್ ಕಳಿಸುವುದರಿಂದ ಅಷ್ಟು ಇಳಿಯದಿದ್ದರೂ ಇಳಿಯುವುದಂತೂ ಹೌದು. ಹಾಗಾಗಿ ಹತ್ತಿರದ ಸ್ಪೀಕರ್‌ನಲ್ಲಿ ಬರುವ ಮಳೆ, ಸಂತೆ ಗದ್ದಲ ದೊಡ್ಡಪ್ಪನ ಕಿವಿಯಲ್ಲೇ ಕೂತಿತ್ತು. ಈ ಅಡಿಗಳನ್ನು ರಿಸೀವರ್‌ನ 'ಡಿಸ್ಟೆನ್ಸ್' ಮೆನುವಿನಲ್ಲಿ ತುಂಬಿದೆ. ಸದ್ದು ಒಂದಡಿ ಹೋಗಲು ಹತ್ತಿರ ಹತ್ತಿರ ಒಂದು ಮಿಲಿಸೆಕೆಂಡ್ ಬೇಕು. ದೂರ ಗೊತ್ತಾದರೆ ರಿಸೀವರ್ ಹತ್ತಿರದ ಸ್ಪೀಕರನ್ನು ಅಷ್ಟು ತಡ ಮಾಡಿ, ಎಲ್ಲದರ ಸದ್ದೂ ಒಟ್ಟಿಗೆ ತಲುಪುವ ಹಾಗೆ ಮಾಡುತ್ತದೆ.

ಇನ್ನು ಲೆವೆಲ್. ಮೆನುವಿನಲ್ಲಿ 'ಟೆಸ್ಟ್ ಟೋನ್' ಅಂತ ಇರುತ್ತದೆ. ಹಾಕಿದರೆ ಒಂದೊಂದೇ ಸ್ಪೀಕರ್‌ನಿಂದ 'ಶ್‌ಶ್' ಅಂತ ಮಳೆಯಂಥ ಸದ್ದು ಬರುತ್ತದೆ. ಅದನ್ನು ಅಳೆಯಲು ಎಸ್‌ಪಿಎಲ್ ಮೀಟರ್ (ಸದ್ದಿನ ಜೋರು ಅಳೆಯುವ ಯಂತ್ರ) ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಮೊಬೈಲಿನ ಸೌಂಡ್ ಮೀಟರ್ ಆಪ್ ಸಾಕು. ಆಪ್‌ನಲ್ಲಿ 'ಸಿ' ವೆಯ್ಟಿಂಗ್, 'ಸ್ಲೋ' ಎರಡನ್ನೂ ಆರಿಸಿಕೊಳ್ಳಿ. ಫ್ಯಾನ್ ಆರಿಸಿ, ಕಿಟಕಿ ಹಾಕಿ, ಅಡುಗೆಮನೆಯಲ್ಲಿ ಮಿಕ್ಸಿ ಕುಕ್ಕರ್ ಇಲ್ಲದ ಹೊತ್ತು ನೋಡಿಕೊಳ್ಳಿ. ಕೂತಾಗ ಕಿವಿ ಇರುವ ಎತ್ತರಕ್ಕೆ ಮೊಬೈಲ್ ಹಿಡಿದು, ಕೈ ಮೈಯಿಂದ ದೂರ ಚಾಚಿ. ಮೊಬೈಲ್ ತೋರಿಸುವ ಅಂಕಿ ನಿಜವಾದ ಅಂಕಿಗಿಂತ ಎರಡು ಮೂರು ಹೆಚ್ಚುಕಡಿಮೆ ಇರಬಹುದು. ಚಿಂತೆಯಿಲ್ಲ. ನಮಗೆ ಬೇಕಿರುವುದು ಎಲ್ಲ ಸ್ಪೀಕರ್‌ಗಳೂ ಒಂದೇ ಅಂಕಿ ತೋರಿಸುವುದು. ಮನೆಯ ರಿಸೀವರ್‌ಗಳಲ್ಲಿ 75 ಡಿಬಿ ಇಟ್ಟುಕೊಳ್ಳುವುದು ರೂಢಿ.

ಅವತ್ತು ಸ್ಪೀಕರ್ ಜರುಗಿಸುವ ಮುಂಚೆಯೂ ಒಮ್ಮೆ ಅಳೆದಿದ್ದೆ. ಎಡ 75, ಬಲ 76, ದೊಡ್ಡಪ್ಪನ ಕಿವಿಯ ಪಕ್ಕದ ಸರೌಂಡ್ 81, ಸೆಂಟರ್ 68. ಮಾತಿಗೂ ಗದ್ದಲಕ್ಕೂ 13 ಡಿಬಿ ಅಂತರ! ದೊಡ್ಡಪ್ಪ ಎದ್ದು ಹೋದದ್ದು ಏನೇನೂ ತಪ್ಪಲ್ಲ. ಖಾನೆಯಿಂದ ಆಚೆ ಎಳೆದು ಮೂತಿ ಎತ್ತಿದ ಮೇಲೆ ಸೆಂಟರ್ ತಾನಾಗಿಯೇ 71ಕ್ಕೆ ಬಂತು. ಮೆನುವಿನಲ್ಲಿ ನಾಲ್ಕು ಏರಿಸಿ 75 ಮಾಡಿದೆ. ಆ ಸರೌಂಡನ್ನು ಆರು ಇಳಿಸಿದೆ. ಬಲಗಡೆಯದ್ದನ್ನು ಒಂದು ಇಳಿಸಿದೆ. ಇಲ್ಲೊಂದು ಗೊಂದಲ ಆಗುವುದುಂಟು. ಮೆನುವಿನಲ್ಲಿ ಸೆಂಟರ್ ಪ್ಲಸ್ 4, ಸರೌಂಡ್ ಮೈನಸ್ 6 ಅಂತ ಕಂಡು 'ಅಯ್ಯೋ, ಎಲ್ಲ ಏರುಪೇರಾಗಿದೆ' ಅಂತ ಎಲ್ಲವನ್ನೂ ಸೊನ್ನೆಗೆ ತರುವವರಿದ್ದಾರೆ. ಸೊನ್ನೆ ಅಂದರೆ ಸಮ ಅಂತಲ್ಲ. ಕೂತವರ ಕಿವಿಯ ಹತ್ತಿರ ಸಮವಾಗಿದ್ದರೆ ಅದು ಸಮ. ಅದಕ್ಕಾಗಿ ಮೆನುವಿನ ಅಂಕಿಗಳು ಬೇರೆ ಬೇರೆ ಆಗಲೇಬೇಕು.

ರಿಸೀವರ್ ಜೊತೆ ಪುಟ್ಟ ಮೈಕ್ ಕೊಟ್ಟಿದ್ದರೆ ಈ ಕೆಲಸವನ್ನು ಅದೇ ಮಾಡುತ್ತದೆ. ಡೆನಾನ್, ಮರಾಂಟ್ಜ್‌ಗಳಲ್ಲಿ ಆಡಿಸ್ಸಿ, ಯಮಾಹಾದಲ್ಲಿ ವೈಪಿಎಒ ಅಂತ ಹೆಸರು. ಮೈಕನ್ನು ದಿಂಬಿನ ಮೇಲೆ, ಸೋಫಾ ಒರಗಿನ ಮೇಲೆ ಇಡಬೇಡಿ. ಮೊಬೈಲ್ ಟ್ರೈಪಾಡ್ ಇದ್ದರೆ ಅದಕ್ಕೆ ಕಟ್ಟಿ ಕಿವಿಯ ಎತ್ತರದಲ್ಲಿ ನಿಲ್ಲಿಸಿ. ಆಡಿಸ್ಸಿಯಲ್ಲಿ 'ಡೈನಾಮಿಕ್ ಇಕ್ಯೂ' ಹಾಕಿದ್ದರೆ, ಕಡಿಮೆ ವಾಲ್ಯೂಮ್‌ನಲ್ಲಿ ಅದು ಬೇಸನ್ನೂ ಸರೌಂಡನ್ನೂ ತಾನೇ ಏರಿಸುತ್ತದೆ. ಕಡಿಮೆ ಸದ್ದಿನಲ್ಲಿ ನಮ್ಮ ಕಿವಿಗೆ ಬೇಸ್ ಮಂದವಾಗಿ ಕೇಳುತ್ತದೆ ಅನ್ನುವುದನ್ನು 1933ರಲ್ಲೇ ಫ್ಲೆಚರ್, ಮನ್ಸನ್ ಅನ್ನುವವರು ಅಳೆದು ತೋರಿಸಿದ್ದರು. ಆ ಕೊರತೆ ತುಂಬಲು ಇದು ಇರುವುದು. ಸಂಗೀತಕ್ಕೆ ಸೊಗಸು, ಆದರೆ ಮಾತು ಕೇಳುತ್ತಿಲ್ಲ ಅನ್ನುವ ಮನೆಯಲ್ಲಿ ಒಮ್ಮೆ ಆಫ್ ಮಾಡಿ ನೋಡಿ.

ಎಲ್ಲವೂ 75ಕ್ಕೆ ಬಂದ ಮೇಲೆ ಸೆಂಟರನ್ನು ಇನ್ನೂ 2 ಡಿಬಿ ಏರಿಸಿದೆ. ಇದು ಪುಸ್ತಕದ ಲೆಕ್ಕಕ್ಕೆ ತಪ್ಪು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಟಾಕೀಸಿನ ಜೋರಿನಲ್ಲಿ ನೋಡುವವರಿಗೆ ಆ ಲೆಕ್ಕ ಸರಿ. ಮನೆಯಲ್ಲಿ ಮೆತ್ತಗೆ ಹಾಕಿ, ಮೇಲೆ ಫ್ಯಾನ್ ತಿರುಗುತ್ತಿರುವಾಗ ಮಾತಿಗೆ 2–3 ಡಿಬಿ ಆಸರೆ ಕೊಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಆರು, ಎಂಟು ಅಂತ ಹೋಗಬೇಡಿ. ಆಗ ಮಾತು ದೃಶ್ಯದಿಂದ ಬೇರ್ಪಟ್ಟು ಧ್ವನಿವರ್ಧಕದಲ್ಲಿ ಕೂಗಿದ ಹಾಗಾಗುತ್ತದೆ. ಎಡದಿಂದ ಬಲಕ್ಕೆ ಹೋಗುವ ಗಾಡಿ ನಡುವೆ ಬಂದಾಗ ಇದ್ದಕ್ಕಿದ್ದಂತೆ ಅಬ್ಬರಿಸುತ್ತದೆ. ಸಮ ಮಾಡಿದ ಮೇಲೂ ಅಷ್ಟು ಏರಿಸಬೇಕು ಅನ್ನಿಸಿದರೆ ತೊಂದರೆ ಲೆವೆಲ್‌ನಲ್ಲಿಲ್ಲ, ಬೇರೆಲ್ಲೋ ಇದೆ.

ಆ ಬೇರೆಲ್ಲೋ ಅನ್ನುವುದು ಬಹಳ ಸಲ ಸಬ್‌ವೂಫರ್. ಊರಹಬ್ಬದಲ್ಲಿ ತಮಟೆಯವರ ಪಕ್ಕ ನಿಂತು ಮಾತಾಡಿ ನೋಡಿದ್ದೀರಾ? ಎದುರಿಗಿರುವವರ ತುಟಿ ಆಡುವುದು ಕಾಣುತ್ತದೆ, ಮಾತು ಸಿಕ್ಕುವುದಿಲ್ಲ. ಜೋರಾದ ತಗ್ಗಿನ ಸದ್ದು ತನಗಿಂತ ಮೇಲಿನ ಸದ್ದನ್ನು ಮುಚ್ಚಿಹಾಕುತ್ತದೆ. ಮೇಲಿನದ್ದು ತಗ್ಗಿನದನ್ನು ಅಷ್ಟಾಗಿ ಮುಚ್ಚುವುದಿಲ್ಲ. ನಮ್ಮ ಒಳಗಿವಿಯ ಕಟ್ಟೋಣವೇ ಹಾಗಿದೆ. ದೊಡ್ಡಪ್ಪನ ಮನೆಯಲ್ಲಿ ಸಬ್‌ವೂಫರ್ ಮೂಲೆಯಲ್ಲಿತ್ತು, ಹಿಂದಿನ ಗುಂಡಿ ಪೂರ್ತಿ ತಿರುಗಿಸಿತ್ತು. ಮೂಲೆಗೆ ಇಟ್ಟರೆ ಎರಡು ಗೋಡೆ, ನೆಲ ಎಲ್ಲ ಸೇರಿ ಬೇಸ್ ಇನ್ನೂ ಉಬ್ಬುತ್ತದೆ. ಮೂಲೆಯಿಂದ ಎರಡಡಿ ಆಚೆ ಎಳೆದು, ಗುಂಡಿಯನ್ನು ಅರ್ಧಕ್ಕೆ ತಂದೆ. ಇದನ್ನು ಮೊಬೈಲಿನಲ್ಲಿ ಅಳೆಯಲು ಹೋಗಬೇಡಿ, ಮೊಬೈಲಿನ ಮೈಕಿಗೆ ಬೇಸ್ ಸರಿಯಾಗಿ ಕೇಳಿಸುವುದಿಲ್ಲ. ಗಂಡಸೊಬ್ಬರು ವಾರ್ತೆ ಓದುವುದನ್ನು ಹಾಕಿ, ಸಬ್‌ವೂಫರ್ ಒಮ್ಮೆ ಆರಿಸಿ ಒಮ್ಮೆ ಹಾಕಿ ಕೇಳಿ. ದನಿ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಥರ ಇರಬೇಕು. ಹಾಕಿದಾಗ ಓದುವವರು ಹಂಡೆಯೊಳಗೆ ಕೂತ ಹಾಗಾದರೆ ಇನ್ನೂ ಇಳಿಸಿ. ಜೊತೆಗೆ ಮೆನುವಿನಲ್ಲಿ ಸೆಂಟರನ್ನು 'ಸ್ಮಾಲ್' ಅಂತ ಇಟ್ಟು ಕ್ರಾಸೋವರ್, ಅಂದರೆ ಯಾವ ಅಂಕಿಯ ಕೆಳಗಿನ ಸದ್ದು ಸಬ್‌ವೂಫರ್‌ಗೆ ಹೋಗಬೇಕು ಅನ್ನುವ ಗಡಿಯನ್ನು, 80 ಹರ್ಟ್ಸ್ ಮಾಡಿ. ಸ್ಪೀಕರ್ ತೀರ ಚಿಕ್ಕದಾದರೆ 100 ಅಥವಾ 120. ತಗ್ಗಿನ ಭಾರವನ್ನು ಸಬ್‌ವೂಫರ್ ಹೊತ್ತರೆ ಸೆಂಟರ್ ಹಗುರಾಗಿ ಮಾತಾಡುತ್ತದೆ.

ಆಮೇಲೆ ಕೋಣೆ. ಹೊಸ ಮನೆಯ ಹಾಲ್‌ನಲ್ಲಿ ನಿಂತು ಒಂದು ಚಪ್ಪಾಳೆ ಹೊಡೆಯಿರಿ. 'ಟಪ್' ಅಂದು ನಿಂತರೆ ಸರಿ, 'ಟರ್‌ರ್' ಅಂತ ಎಳೆದರೆ ಮಾತೂ ಹಾಗೇ ಎಳೆಯುತ್ತದೆ. ಒಂದು ಅಕ್ಷರದ ಬಾಲ ಮುಂದಿನ ಅಕ್ಷರದ ಮೇಲೆ ಬೀಳುತ್ತದೆ. ಟೈಲ್ಸ್, ಗ್ರಾನೈಟ್, ಗಾಜು, ಬೋಳು ಗೋಡೆ ಎಲ್ಲವೂ ಸದ್ದನ್ನು ನುಂಗದೆ ವಾಪಸ್ ಎಸೆಯುತ್ತವೆ. ಮೈಸೂರಿನ ಹಳೇ ಮನೆಗಳ ರೆಡ್ ಆಕ್ಸೈಡ್ ನೆಲವೂ ಇದಕ್ಕೆ ಹೊರತಲ್ಲ. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಇದೇ ತೊಂದರೆ ಇತ್ತು. ಅಲ್ಲಿನ ಒಂದು ಉಪನ್ಯಾಸದ ಹಾಲ್‌ನಲ್ಲಿ ಮಾತಾಡಿದ್ದು ಐದು ಸೆಕೆಂಡಿಗೂ ಹೆಚ್ಚು ಹೊತ್ತು ಗುಂಯ್‌ಗುಡುತ್ತಿತ್ತು. ಸರಿ ಮಾಡಲು ಹೇಳಿದ್ದು ವ್ಯಾಲೆಸ್ ಸಬೀನ್ ಅನ್ನುವ ತರುಣ ಮೇಷ್ಟರಿಗೆ. ಆತ ಪಕ್ಕದ ಸ್ಯಾಂಡರ್ಸ್ ಥಿಯೇಟರ್‌ನ ಆಸನದ ಮೆತ್ತೆಗಳನ್ನು ರಾತ್ರಿ ಹೊತ್ತು ಹೊತ್ತು ತಂದು ಹಾಕಿ, ಎಷ್ಟು ಮೆತ್ತೆಗೆ ಗುಂಯ್‌ಗುಡುವುದು ಎಷ್ಟು ಕಡಿಮೆಯಾಗುತ್ತದೆ ಅಂತ ಅಳೆದು, ಬೆಳಗಾಗುವುದರೊಳಗೆ ವಾಪಸ್ ಇಡಬೇಕಿತ್ತು. ಕೋಣೆಯ ಗಾತ್ರ, ಅದರೊಳಗೆ ಸದ್ದು ನುಂಗುವ ವಸ್ತು, ಇವೆರಡರಿಂದ ಪ್ರತಿಧ್ವನಿಯ ಕಾಲ ಲೆಕ್ಕ ಹಾಕುವ ಸೂತ್ರ ಹುಟ್ಟಿದ್ದು ಆ ಮೆತ್ತೆಗಳಿಂದ. ಇವತ್ತಿಗೂ ಅದೇ ಸೂತ್ರ ನಡೆಯುತ್ತಿದೆ.

ದೊಡ್ಡಮ್ಮ ಬೀರುವಿನಿಂದ ದಪ್ಪನೆಯ ಜಮಖಾನ ತಂದು ಟಿವಿಗೂ ದಿವಾನಕ್ಕೂ ನಡುವೆ ಹಾಸಿದರು. ಕಿಟಕಿಗೆ ತೆಳು ಪರದೆಯ ಬದಲು ಚಳಿಗಾಲದ ದಪ್ಪ ಪರದೆ ಹಾಕಿದರು. ಮತ್ತೆ ಚಪ್ಪಾಳೆ ಹೊಡೆದಾಗ ಅವರಿಗೇ ವ್ಯತ್ಯಾಸ ಗೊತ್ತಾಯಿತು. "ಈಗ ಮನೆ ಮೆತ್ತಗಾಯ್ತು ಕಣಪ್ಪ" ಅಂದರು. ಸಬೀನ್ ಹೇಳಿದ್ದೂ ಅದನ್ನೇ.

ಇಷ್ಟೆಲ್ಲ ಮಾಡಿದರೂ ಬರುವ ಸದ್ದೇ ಸರಿಯಿಲ್ಲದಿದ್ದರೆ ಫಲವಿಲ್ಲ. ಕುವೆಂಪುನಗರದ ಗೆಳೆಯನೊಬ್ಬನ ಮನೆಯಲ್ಲಿ ಎರಡು ದೊಡ್ಡ ಸ್ಪೀಕರ್ ಮಾತ್ರ ಇದ್ದವು, ಸೆಂಟರ್ ತಂದಿರಲಿಲ್ಲ. ಆದರೆ ಅಂಗಡಿಯವರು ರಿಸೀವರ್‌ನಲ್ಲಿ ಸೆಂಟರ್ ಇದೆ ಅಂತಲೇ ಬಿಟ್ಟು ಹೋಗಿದ್ದರು. ಹಾಡು ಅದ್ಭುತ, ಮಾತು ಬಾವಿಯೊಳಗಿಂದ ಬಂದ ಹಾಗೆ. ಇಲ್ಲದ ಸ್ಪೀಕರ್‌ಗೆ ಮಾತು ಹೋಗುತ್ತಿತ್ತು! 'ಸೆಂಟರ್: ಇಲ್ಲ' ಅಂತ ಬದಲಾಯಿಸಿದ ಕ್ಷಣ ಮಾತು ಎರಡೂ ಸ್ಪೀಕರ್‌ಗಳಿಗೆ ಹಂಚಿಕೆಯಾಗಿ ನಡುವಿನಿಂದ ಬಂತು. ಇನ್ನು ಕೆಲವೆಡೆ ಟಿವಿಯ ಡಿಜಿಟಲ್ ಔಟ್‌ಪುಟ್ 'ಪಿಸಿಎಂ' ಅಂತ ಇರುತ್ತದೆ. ಆಗ ಬಹಳಷ್ಟು ಟಿವಿಗಳು 5.1 ಸದ್ದನ್ನು ಬರೀ ಸ್ಟೀರಿಯೊ ಮಾಡಿ ಕಳಿಸುತ್ತವೆ. 'ಬಿಟ್‌ಸ್ಟ್ರೀಮ್' ಅಥವಾ 'ಪಾಸ್ ಥ್ರೂ' ಮಾಡಬೇಕು. 'ಆಲ್ ಚಾನೆಲ್ ಸ್ಟೀರಿಯೊ' ಮೋಡ್ ಇದ್ದರೆ ತೆಗೆಯಿರಿ, ಅದರಲ್ಲಿ ಎಲ್ಲ ಸ್ಪೀಕರೂ ಒಂದನ್ನೇ ಕೂಗುತ್ತವೆ. ಹಳೇ ಕಪ್ಪುಬಿಳುಪಿನ ಸಿನಿಮಾಗಳ ವಿಷಯ ಬೇರೆ. ಅವುಗಳಲ್ಲಿ ಮಾತು, ಹಾಡು, ಗುದ್ದಾಟ ಎಲ್ಲ ಒಂದೇ ದಾರಿಯಲ್ಲಿ ಬೆರೆತಿರುತ್ತದೆ. ಸೆಂಟರ್ ಏರಿಸಿದರೆ ಎಲ್ಲವೂ ಏರುತ್ತದೆ. ಅಲ್ಲಿ ಬೇಸ್ ಇಳಿಸಿ ಟ್ರೆಬಲ್ (ಮೇಲಿನ ಸದ್ದು) ಚೂರು ಏರಿಸುವುದೇ ದಾರಿ.

ರಾತ್ರಿ ಹೊತ್ತಿಗೆ 'ನೈಟ್ ಮೋಡ್' ಇದೆ. ಜೋರಿನದನ್ನು ಇಳಿಸಿ, ಮೆತ್ತಗಿನದನ್ನು ಏರಿಸುತ್ತದೆ. ದೃಶ್ಯದ ಏರಿಳಿತ ಸ್ವಲ್ಪ ಚಪ್ಪೆಯಾಗುತ್ತದೆ, ಆದರೆ ಪಕ್ಕದ ಕೋಣೆಯಲ್ಲಿ ಮಲಗಿದವರಿಗಾಗಿ ಹಾಕಿಕೊಳ್ಳಿ. ಸೌಂಡ್‌ಬಾರ್ ಕೊಳ್ಳುವವರಿಗೆ ಒಂದೇ ಮಾತು: 2.1ರಲ್ಲಿ ಸೆಂಟರ್ ಇರುವುದಿಲ್ಲ, 3.1ರಲ್ಲಿ ಇರುತ್ತದೆ. ಮನೆಯಲ್ಲಿ ಹಿರಿಯರಿದ್ದರೆ ಆ ವ್ಯತ್ಯಾಸಕ್ಕೆ ದುಡ್ಡು ಕೊಡುವುದು ಒಳ್ಳೆಯದು.

ಹಿರಿಯರ ಕಿವಿಯ ಬಗ್ಗೆ ಹೇಳದೆ ಮುಗಿಸಲಾರೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಸದ್ದನ್ನು, ಅಂದರೆ ಆ ಕ, ತ, ಸಗಳನ್ನೇ. 'ಸದ್ದು ಕೇಳ್ತದೆ, ಮಾತು ತಿಳಿಯಲ್ಲ' ಅಂತ ಅವರು ಹೇಳಿದರೆ ಅದು ಅಕ್ಷರಶಃ ನಿಜ. ಗದರಬೇಡಿ, 'ಗಮನ ಕೊಟ್ಟು ಕೇಳಿ' ಅನ್ನಬೇಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಇದೇ ಕೆಲಸ ಮಾಡುತ್ತಿದೆ. ದೇಶದ ಬೇರೆ ಬೇರೆ ಕಡೆಯಿಂದ ಜನ ಹುಡುಕಿಕೊಂಡು ಬರುವ ಜಾಗ ನಮ್ಮ ಪಕ್ಕದಲ್ಲೇ ಇದೆ. ಯಾವ ಸದ್ದು ಎಷ್ಟು ಕಡಿಮೆ ಕೇಳುತ್ತಿದೆ ಅಂತ ಅಲ್ಲಿ ಪರೀಕ್ಷೆ ಮಾಡಿ ನಕ್ಷೆ ಬರೆದು ಕೊಡುತ್ತಾರೆ. ಸ್ಪೀಕರ್ ಲೆವೆಲ್ ಸರಿ ಮಾಡಿದ ಮೇಲೂ ತಿಳಿಯುತ್ತಿಲ್ಲ ಅಂದರೆ, ಇನ್ನೊಂದು ಸ್ಪೀಕರ್ ತರುವ ಬದಲು ಅವರನ್ನು ಕರೆದುಕೊಂಡು ಅಲ್ಲಿಗೆ ಹೋಗಿ.

ಅವತ್ತು ಸಂಜೆ ಅದೇ ಸಿನಿಮಾವನ್ನು ಮೊದಲಿಂದ ಹಾಕಿದೆವು. ಜಗಲಿಯಿಂದ ದೊಡ್ಡಪ್ಪನನ್ನು ಕರೆದು ಅವರ ಜಾಗದಲ್ಲೇ ಕೂರಿಸಿದೆ. ತೆರೆಯ ಮೇಲೆ ಅಪ್ಪ ಮಗ ಗದ್ದೆ ಬದುವಿನಲ್ಲಿ ಕೂತು ಮೆಲ್ಲಗೆ ಮಾತಾಡುವ ದೃಶ್ಯ ಬಂತು. ಮಧ್ಯಾಹ್ನ ಅವರು ಮೂರು ಸಲ ವಾಲ್ಯೂಮ್ ಏರಿಸಿದ್ದ ಜಾಗ ಅದು. ಈ ಸಲ ರಿಮೋಟ್ ದಿವಾನದ ಮೇಲೇ ಇತ್ತು. ಅಪ್ಪ ಏನೋ ಹೇಳಿದ, ದೊಡ್ಡಪ್ಪ "ಹ್ಞೂಂ, ಸರಿಯಾಗೇ ಯೋಳ್ದ" ಅಂದರು.

ಹೊರಡುವ ಮುಂಚೆ ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಎಲ್ಲ ಲೆವೆಲ್, ದೂರ, ಕ್ರಾಸೋವರ್ ಅಂಕಿಗಳನ್ನು ಬರೆದು ಟಿವಿ ಯೂನಿಟ್‌ನ ಬಾಗಿಲ ಒಳಗಡೆ ಅಂಟಿಸಿದೆ. ಯಾರಾದರೂ ಮೆನುವಿನಲ್ಲಿ ಏನಾದರೂ ಒತ್ತಿ ಎಲ್ಲ ಸೊನ್ನೆಯಾದರೆ ನೋಡಿಕೊಂಡು ತುಂಬಬಹುದು. ಕೆಳಗಿನ ಸಾಲಿನಲ್ಲಿ ದೊಡ್ಡಮ್ಮ ಪೆನ್ನು ಇಸಕೊಂಡು ತಾವೇ ಒಂದು ಮಾತು ಸೇರಿಸಿದರು: 'ಸ್ಪೀಕರ್ ಮುಂದೆ ಆಲ್ಬಮ್ ಇಡಬಾರದು.'